ಅತ್ತೆಯ ಹೆಸರು

ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರು ಎತ್ತುವಂತಿಲ್ಲ. ಬುರುಲ್ಕಾನ್ ಮದುವೆಯಾಗಿ ಬಂದಂದಿನಿಂದ ಈ ಕಟ್ಟು ಮುರಿದವಳಲ್ಲ. ಅತ್ತೆ ಜೂರಾಕಾನ್‌ಳನ್ನು 'ನಮ್ಮ ಹಿರಿಯರು' ಎನ್ನುತ್ತಿದ್ದಳೇ ಹೊರತು ಹೆಸರು ಹಿಡಿದು ಹೇಳುತ್ತಿರಲಿಲ್ಲ. ಆದರೆ ತಾನು ಹೊಲಿದ ಒಂದೊಂದು ಕೋಟಿನ ಕುತ್ತಿಗೆಗೂ ಅದೇ ಹೆಸರಿನ ಲೇಬಲ್ ಹಾಕುತ್ತಿದ್ದಳು. ದಾರದಲ್ಲಿ ಬರೆಯಬಾರದು ಅಂತ ಯಾವ ಹಿರಿಯರೂ ಹೇಳಿಲ್ಲವಲ್ಲ.

ನಮ್ಮ ರಾಜಧಾನಿ ಬಿಶ್ಕೆಕ್‌ನ ಅಂಚಿನಲ್ಲಿರುವ ಅವಳ ಹೊಲಿಗೆಮನೆಯಲ್ಲಿ ನಾನು ಬಟ್ಟೆ ಕತ್ತರಿಸುವವಳು. ಊರಿನ ಹೊಲಿಗೆಯವರೆಲ್ಲ ತಮ್ಮ ಕೆಲಸಕ್ಕೆ ಇಟಲಿಯದೋ ಟರ್ಕಿಯದೋ ಹೆಸರು ಹಚ್ಚಿ ದೋರ್ದೊಯ್ ಪೇಟೆಗೆ ಒಯ್ಯುತ್ತಿದ್ದರು. ಬುರುಲ್ಕಾನ್ ಮಾತ್ರ, ತನ್ನ ಗಂಡ ಸತ್ತ ವರ್ಷ ಇದ್ದ ಹಸು ಮಾರಿ ಮೊದಲ ಮಷಿನ್ ತಂದುಕೊಟ್ಟ ಅತ್ತೆಯ ಹೆಸರೇ ಇರಲಿ ಎಂದು ಹಟ ಹಿಡಿದಳು. ನಾವು ನಕ್ಕೆವು. ಕೋಟು ಬೆಚ್ಚಗಿತ್ತು, ಕಾಲರು ಚೆನ್ನಾಗಿ ಕೂರುತ್ತಿತ್ತು. ರಷ್ಯಾದ ಚಳಿಯೂರುಗಳ ಹೆಂಗಸರು ಆ ಹೆಸರು ಹೇಳಿಯೇ ಕೇಳತೊಡಗಿದರು. ಅಲ್ಲಿಗೆ ಸರಕು ಒಯ್ಯುತ್ತಿದ್ದವನು ಅಲ್ಲಿಯ ವ್ಯಾಪಾರಿ ರಿನಾತ್. ಬಂದಾಗಲೆಲ್ಲ ಅತ್ತೆ ಕರಿದ ಹಿಟ್ಟಿನ ಬೋರ್ಸೋಕ್ ತಿನ್ನದೆ ಎದ್ದವನಲ್ಲ.

ಆಮೇಲೆ ನಮ್ಮ ದೇಶವೂ ರಷ್ಯಾ ಇದ್ದ ವ್ಯಾಪಾರದ ಒಕ್ಕೂಟಕ್ಕೆ ಸೇರಿತು. ಐದು ದೇಶ, ಒಂದೇ ಮನೆ ಎಂದು ಟಿವಿಯಲ್ಲಿ ಸಾರಿದ್ದೇ ಸಾರಿದ್ದು. ಗಡಿಯ ಸುಂಕ ಹೋಯಿತು, ಹೆಸರಿನ ಕಾನೂನು ಬಿಗಿಯಾಯಿತು. ಸರಕು ಮಾರುವ ದೇಶದಲ್ಲಿ ಯಾರು ಮೊದಲು ನೋಂದಾಯಿಸಿದರೋ ಹೆಸರು ಅವರದು. ಬೇರೆಯವರ ಬಟ್ಟೆಯ ಮೇಲೆ ಕಂಡರೆ ಜಪ್ತಿ. ಒಂದೇ ಮನೆ ಸರಿ, ಬೀಗದ ಕೈ ಯಾರ ಸೊಂಟದಲ್ಲಿ ಎಂದು ನಾವು ಕೇಳಲಿಲ್ಲ.

ಬುರುಲ್ಕಾನ್ ದಡ್ಡಿಯಲ್ಲ, ನೋಂದಾಯಿಸಬೇಕೆಂದುಕೊಂಡಳು. ಆದರೆ ರಷ್ಯಾದ ಕಚೇರಿಗೆ ಹೋಗಿ ಕಿಟಕಿ ಕಿಟಕಿಯಲ್ಲೂ ಅತ್ತೆಯ ಹೆಸರು ಹೇಳುವುದು ಹೇಗೆ? ಒಂದು ಲೇಬಲ್ ಕತ್ತರಿಸಿ ರಿನಾತ್‌ನ ಕೈಗಿಟ್ಟು, ನಮ್ಮ ಪರವಾಗಿ ನೀನೇ ಬರೆಸಿ ಬಾಪ್ಪ ಎಂದಳು. ಹಾಲಿಗೆ ಬೆಕ್ಕನ್ನು ಕಾವಲಿಟ್ಟಂತಾಯಿತು. ಅವನು ಬರೆಸಿದ, ತನ್ನ ಹೆಸರಿಗೆ.

ಅಲ್ಲಿಯ ಪೇಟೆಯಲ್ಲಿ ನಮ್ಮ ಮೂಟೆಗಳನ್ನು ಹಿಡಿದಾಗಲೇ ನಮಗೆ ಗೊತ್ತಾದದ್ದು. ಅಷ್ಟರಲ್ಲಿ ಅವನು ಯಾರಿಂದಲೋ ಅಗ್ಗದ ಕೋಟು ಹೊಲಿಸಿ ಅದೇ ಹೆಸರಲ್ಲಿ ಮಾರುತ್ತಿದ್ದ. ಫೋನ್ ಮಾಡಿದರೆ ಅದು ಕಾನೂನು, ನಾನೇನು ಮಾಡಲಿ ಅಕ್ಕ ಎಂದನಂತೆ. ಅವನ ಬಾಯಿಗೆ ಮಣ್ಣು ಹಾಕ.

ಅವನ ದೂರಿನ ಮೇಲೆ ನಮ್ಮೂರಿನ ವ್ಯಾಪಾರದ ಕಚೇರಿಯವರೂ ಬುರುಲ್ಕಾನ್‌ಳನ್ನು ಕರೆಸಿದರು. ಅತ್ತೆ ಕೋಲೂರಿಕೊಂಡು ತಾನೂ ಹೊರಟಳು, ನಾನೂ ಜೊತೆಗೆ ಹೋದೆ. ಅಧಿಕಾರಿ ನಮ್ಮವನೇ, ಚಹಾ ಕೊಡಿಸಿದ. ಲೇಬಲ್ ತೋರಿಸಿ ಇದು ಯಾರ ಹೆಸರು ಎಂದ. ಬುರುಲ್ಕಾನ್ ತಲೆ ತಗ್ಗಿಸಿದಳು. ಉತ್ತರವಿಲ್ಲ ಎಂದು ಬರೆದುಕೊಳ್ಳಲೇ ಎಂದು ಕೇಳಿದ. ಅವನ ಹೆಂಡತಿಯೂ ಒಬ್ಬರ ಸೊಸೆಯೇ ತಾನೆ? ಗೊತ್ತಿದ್ದೂ ಕೇಳಿದ. ನನಗೆ ಮೈ ಉರಿಯಿತು.

"ಹೇಳೇ ಮಗಳೇ," ಅಂದಳು ಅತ್ತೆ. "ನಾನೇ ಹೇಳ್ತಿದೀನಲ್ಲ, ತಪ್ಪಿಲ್ಲ."

"ಜೂರಾಕಾನ್," ಅಂದಳು ಬುರುಲ್ಕಾನ್. ಕಿವಿಯವರೆಗೂ ಕೆಂಪಾಗಿದ್ದಳು. ಮುದುಕಿ ತನ್ನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

ಅಧಿಕಾರಿ ಎರಡನ್ನೂ ನೋಡಿದ. "ಹೆಸರು ನಿಮ್ದೇ ಅಮ್ಮ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಅದು ರಿನಾತ್‌ದು. ಒಪ್ಪಂದಕ್ಕೆ ನಾವೂ ಸಹಿ ಹಾಕಿದೀವಿ. ನೀವು ಊರಿಗೆಲ್ಲ ಗೊತ್ತಿರೋ ದೊಡ್ಡ ಮನುಷ್ಯರಾಗಿದ್ರೆ ನಿಮ್ಮನ್ನ ಕೇಳದೆ ಆ ಹೆಸರು ಬೇರೆಯವರಿಗೆ ಕೊಡ್ತಿರ್ಲಿಲ್ಲ."

ಹಿಡಿದ ಕೋಟುಗಳನ್ನು ಸುಡುತ್ತಾರೆ ಎಂದ. ದಂಡ ಬೇಡವಾದರೆ ಇನ್ನೆಂದೂ ಆ ಹೆಸರು ಬಳಸುವುದಿಲ್ಲ ಎಂದು ಬರೆದುಕೊಡಬೇಕು ಎಂದು ಕಾಗದ ಮುಂದೆ ತಳ್ಳಿದ.

ಬುರುಲ್ಕಾನ್ ಪೆನ್ನು ಹಿಡಿದು ಅತ್ತೆಯ ಕಡೆ ತಿರುಗಿದಳು. "ಇಷ್ಟು ವರ್ಷ ನಿಮ್ಮ ಮೇಲಿನ ಗೌರವಕ್ಕೆ ಹೇಳ್ಲಿಲ್ಲ ಅತ್ತೆ. ಇನ್ಮೇಲೆ ಆ ರಿನಾತ್‌ಗೆ ಹೆದರಿ ಹೇಳಬಾರ್ದಂತೆ."

ಮುದುಕಿ ಮೇಜಿನ ಮೇಲಿದ್ದ ತನ್ನ ಗುರುತಿನ ಚೀಟಿ ಎತ್ತಿಕೊಂಡಳು. ಸೊಸೆ ಸಹಿ ಹಾಕಿದಳು.