ಯಂತ್ರಕ್ಕೂ ಒಂದು ಸೋಮವಾರ

ಸಾತನೂರು ದಾಟಿದ ಮೇಲೆ ಸಿಗುವ ಹಸಿರುಗೆಜ್ಜೆ ಹಾಲು ಕೇಂದ್ರದ ಗೋಡೆಯ ಮೇಲೆ ದೇವರ ಪಟಗಳಿಗಿಂತ ಮೆಕ್ಯಾನಿಕ್ ಸಿದ್ದಯ್ಯನ ಪಟಗಳೇ ಹೆಚ್ಚಿದ್ದವು. ಒಂದರಲ್ಲಿ ಆತನ ಹೆಗಲ ಮೇಲೆ ಐಸಿನ ದಿಮ್ಮಿ. ಇನ್ನೊಂದರಲ್ಲಿ ಮೊಣಕೈವರೆಗೂ ಗ್ರೀಸು, ಮುಖದ ತುಂಬ ನಗು. ಮತ್ತೊಂದರಲ್ಲಿ ಸಂಸ್ಥೆಯ ಅಧ್ಯಕ್ಷ ಮನೋಹರ್ ಆತನಿಗೆ ಶಾಲು ಹೊದಿಸುತ್ತಿದ್ದಾರೆ. ಎಲ್ಲದರ ಕೆಳಗೂ ಕೆಂಪಕ್ಷರದಲ್ಲಿ ಒಂದೇ ಮಾತು: ಆಪದ್ಬಾಂಧವ. ಸಿದ್ದಯ್ಯ ತನ್ನ ಮಗಳ ಲಗ್ನಪತ್ರಿಕೆಯಲ್ಲಿ ಕೂಡ ‘ಆಪದ್ಬಾಂಧವ ಸಿದ್ದಯ್ಯನವರ ದ್ವಿತೀಯ ಪುತ್ರಿ’ ಎಂದೇ ಅಚ್ಚು ಹಾಕಿಸಿದ್ದ.

ರಾಧಾಮಣಿ ಈ ಕೇಂದ್ರಕ್ಕೆ ಮ್ಯಾನೇಜರಾಗಿ ಬಂದದ್ದು ಆಷಾಢದಲ್ಲಿ. ತಿಪ್ಪಸಂದ್ರದ ಕಡೆಯ ರಾಗಿ ಬೆಳೆಯುವ ಮನೆಯವಳು, ಮೈಸೂರಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿದವಳು. ಕೆಚ್ಚಲಿನಿಂದ ಬಂದ ಹಾಲು ಬೆಚ್ಚಗಿದ್ದಷ್ಟು ಹೊತ್ತೂ ಅದರೊಳಗೆ ಕಣ್ಣಿಗೆ ಕಾಣದ ಸಂತೆಯೊಂದು ನೆರೆಯುತ್ತ ಹೋಗುತ್ತದೆ ಎಂಬುದು ಅವಳಿಗೆ ಗೊತ್ತು. ಆ ಸಂತೆ ನೆರೆಯುವ ಮೊದಲೇ ಹಾಲನ್ನು ತಣಿಸಬೇಕು, ಟ್ಯಾಂಕರಿಗೆ ತುಂಬಿ ಬಿಡದಿಯ ಡೇರಿಗೆ ಕಳಿಸಬೇಕು. ಕೇಂದ್ರದ ಕೆಲಸವೆಂದರೆ ಇಷ್ಟೇ. ಇದಕ್ಕೆ ಬೇಕಾದದ್ದು ಕೆಡದೆ ಓಡುವ ಒಂದು ಕಂಪ್ರೆಸರ್, ಕರೆಂಟು ಹೋದರೆ ಎದ್ದು ನಿಲ್ಲುವ ಒಂದು ಜನರೇಟರ್.

ಎರಡೂ ಕೈಕೊಡುತ್ತಿದ್ದವು.

ಅವಳು ಬಂದು ಇನ್ನೂ ಎಲ್ಲರ ಹೆಸರು ಕಲಿಯುವ ಮೊದಲೇ ಒಂದು ಸಂಜೆ ಕಂಪ್ರೆಸರ್ ಕಿರುಚಿ ನಿಂತಿತು. ನಿಂತದ್ದೇ ತಡ, ಅಲ್ಲಿವರೆಗೆ ತೂಕಡಿಸುತ್ತಿದ್ದ ಕೇಂದ್ರ ಮೈಕೊಡವಿ ಎದ್ದಿತು. “ಬೆಲ್ಟ್ ಹೋಯ್ತು ಕಣ್ರಲೇ, ಓಡ್ರೋ!” ಎಂದು ಸಿದ್ದಯ್ಯ ಪಂಚೆ ಎತ್ತಿ ಕಟ್ಟಿದ. ಟ್ಯಾಂಕರ್ ಓಡಿಸುವ ಸಾಬೀರ್ ಒಂದು ಗೂಡ್ಸ್ ಆಟೋ ಹಿಡಿದು ಐಸಿಗೆಂದು ಕನಕಪುರಕ್ಕೆ ಹಾರಿದ. ಹಾಲು ಅಳೆಯಲು ಬಂದಿದ್ದ ಹೆಂಗಸರು ಗೋಣಿಚೀಲ ನೆನೆಸಿ ಕ್ಯಾನುಗಳಿಗೆ ಸುತ್ತಿದರು. ರಾಧಾಮಣಿಯೂ ಸೆರಗು ಸಿಕ್ಕಿಸಿಕೊಂಡು ಐಸು ಎಳೆದಳು. ಬೆಲ್ಟ್ ಬದಲಾಗಿ ಯಂತ್ರ ಗುಂಯ್ ಎಂದಾಗ ಎಲ್ಲರೂ ಸಿಳ್ಳೆ ಹಾಕಿದರು. ಮನೋಹರ್ ಶಾಲಿನೊಂದಿಗೆ ಬಂದರು, ಹಿಂದೆಯೇ ಬಸ್ ಸ್ಟ್ಯಾಂಡಿನ ಸ್ಟುಡಿಯೋದ ಲೋಕೇಶ್ ಕ್ಯಾಮೆರಾ ಹಿಡಿದು ಬಂದ. ಆಮೇಲೆ ಎಲ್ಲರಿಗೂ ಬಿಸಿ ಬೋಂಡ.

ಬೋಂಡ ತಿನ್ನುತ್ತಿದ್ದಾಗ ರಾಧಾಮಣಿಗೆ ಒಂದು ವಿಷಯ ಹೊಳೆಯಿತು. ಯಂತ್ರ ಕೆಟ್ಟದ್ದರಿಂದ ತನಗೂ ಖುಷಿಯಾಗಿತ್ತು. ಅಪರಿಚಿತಳಾಗಿದ್ದವಳು ಒಂದೇ ಸಂಜೆಯಲ್ಲಿ ಇವರಲ್ಲೊಬ್ಬಳಾಗಿಬಿಟ್ಟಿದ್ದಳು. ಅವಳಿಗೆ ಹೆದರಿಕೆಯಾದದ್ದೂ ಅದಕ್ಕೇ.

ಮಾರನೆಯ ದಿನ ತುಂಡಾದ ಬೆಲ್ಟನ್ನು ಕೈಯಲ್ಲಿ ಹಿಡಿದು ಸಿದ್ದಯ್ಯನ ಹತ್ತಿರ ಹೋದಳು. ಅಂಚೆಲ್ಲ ಸುಟ್ಟು ಗಾಜಿನಂತೆ ಹೊಳೆಯುತ್ತಿತ್ತು.

“ಇದು ನಿನ್ನೆ ಒಂದೇ ದಿನಕ್ಕೆ ಹಿಂಗಾಗಿದ್ದಲ್ಲ, ಅಲ್ವಾ ಸಿದ್ದಯ್ಯನೋರೆ?”

“ಒಂದಿನಕ್ಕೆಲ್ಲಿ ಆಯ್ತದೆ ಮೇಡಮ್ಮೋರೆ? ಹೋದ ವಾರದಿಂದ್ಲೇ ಒಸಿ ಕುಯ್ಯ್ ಅಂತಿತ್ತು.”

“ಮತ್ತೆ ಅವತ್ತೇ ಯಾಕೆ ಬಿಚ್ಚಿ ನೋಡಲಿಲ್ಲ?”

ಸಿದ್ದಯ್ಯ ಮಗುವಿಗೆ ಹೇಳುವಂತೆ ಹೇಳಿದ: “ಅದು ಬಾಯ್ಬುಟ್ಟು ಕೂಗೋಗಂಟ ಕಾಯ್ಬೇಕು. ಕೂಗಿದ್ಮೇಲೆ ಕೈ ಹಾಕೋನೇ ಮೆಕ್ಯಾನಿಕ್ಕು.”

ಆತ ಸೋಮಾರಿಯಲ್ಲ, ಮೋಸಗಾರನಂತೂ ಅಲ್ಲ. ಅದು ಆತನ ಕಸುಬಿನ ಧರ್ಮವಾಗಿತ್ತು. ಇದನ್ನು ಅರ್ಥ ಮಾಡಿಕೊಳ್ಳುವ ಮೊದಲೇ ರಾಧಾಮಣಿ ಬಾಯಿ ಬಿಟ್ಟು ಕೆಟ್ಟಳು. ಎಲ್ಲರನ್ನೂ ಕೂರಿಸಿಕೊಂಡು, ಧೂಳು ಕಟ್ಟಿದ ಜಾಲರಿ ಶಾಖವನ್ನು ಹೊರಗೆ ಬಿಡುವುದಿಲ್ಲ, ಆಗ ಯಂತ್ರ ಏದುತ್ತದೆ, ಬೆಲ್ಟ್ ಜಾರಿ ಸುಡುತ್ತದೆ ಎಂದು ಗೋಡೆಗೆ ಚಿತ್ರ ಅಂಟಿಸಿ ವಿವರಿಸಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. “ನೀವು ಶೌರ್ಯ ಅಂತ ಶಾಲು ಹಾಕೋದು ಅಸಡ್ಡೆಗೆ” ಅಂದುಬಿಟ್ಟಳು.

ಸಾಬೀರ್ ಹೊರಗೆ ಹೋಗುತ್ತ, “ಸಿದ್ದಣ್ಣ, ಆ ಶಾಲೆಲ್ಲ ವಾಪಸ್ ಕೊಟ್ಬುಡು, ಮೇಡಂ ಜಾಲರಿ ಒರ್ಸಾಕೆ ಇಟ್ಕತಾರೆ” ಎಂದ. ಎಲ್ಲರೂ ನಕ್ಕರು, ಸಿದ್ದಯ್ಯನೊಬ್ಬನನ್ನು ಬಿಟ್ಟು. ಅಂದಿನಿಂದ ಆತ ಅವಳೊಡನೆ ಹೂಂ, ಉಹೂಂ ಬಿಟ್ಟರೆ ಮಾತು ನಿಲ್ಲಿಸಿದ. ಗೋಡೆಯ ಚಿತ್ರವನ್ನು ಹಲ್ಲಿ ಮಾತ್ರ ಓದುತ್ತಿತ್ತು. ಯಂತ್ರ ಮತ್ತೆ ನಿಂತಿತು, ಐಸು ಬಂತು, ಬೋಂಡ ಬಂತು, ಶಾಲು ಬಂತು.

ಹಾಗಿರುವಾಗ ಆಯುಧ ಪೂಜೆ ಬಂತು. ಅಂದು ಸಿದ್ದಯ್ಯ ಯಾರೂ ಹೇಳದೆ ಯಂತ್ರವನ್ನು ನಿಲ್ಲಿಸಿ, ಹಸುವನ್ನು ಮೀಯಿಸಿದಂತೆ ಮೀಯಿಸಿದ. ಬೆಲ್ಟ್ ಬಿಚ್ಚಿ ಒರೆಸಿ ಬಿಗಿಯಾಗಿ ಕೂರಿಸಿದ. ಜಾಲರಿಯ ಸಂದಿಸಂದಿಗೂ ನೀರು ಹಾಯಿಸಿದಾಗ ಕರಿಮಣ್ಣು ಹರಿದು ಬಂತು. ಜನರೇಟರಿನ ಬ್ಯಾಟರಿಗೆ ಕಟ್ಟಿದ್ದ ಬಿಳಿ ಬೂಷ್ಟನ್ನು ಬಿಸಿನೀರಿನಲ್ಲಿ ತೊಳೆದ. ಆಮೇಲೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ಬೂದುಗುಂಬಳ. ಹಚ್ಚಿದ ಕರ್ಪೂರದ ಮುಂದೆ ಎಲ್ಲರಂತೆ ಕೈಮುಗಿದು ನಿಂತಿದ್ದ ರಾಧಾಮಣಿ ಅಂದಿನಿಂದ ಯಂತ್ರವನ್ನು ಗಮನಿಸುತ್ತ ಹೋದಳು.

ದೀಪಾವಳಿ ಬಂದು ಹೋಗುವವರೆಗೂ ಯಂತ್ರ ಕೆಮ್ಮಲಿಲ್ಲ.

“ಕಬ್ಬಾಳಮ್ಮನ ದಯೆ” ಎಂದರು ಎಲ್ಲರೂ. ಕಾರ್ತಿಕ ಮುಗಿಯುತ್ತಿದ್ದಂತೆ ಕುಯ್ಯ್ ಎಂಬ ಸಣ್ಣ ಸದ್ದು ಮತ್ತೆ ಶುರುವಾಯಿತು. ಈ ಬಾರಿ ರಾಧಾಮಣಿ ಸಭೆ ಕರೆಯಲಿಲ್ಲ. ಮಧ್ಯಾಹ್ನ ಸಿದ್ದಯ್ಯ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದ್ದಾಗ ತನ್ನ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ ಕಲ್ಲಿನ ಮೇಲೆ ಕೂತಳು.

“ಸಿದ್ದಯ್ಯನೋರೆ, ಅವತ್ತು ನಾನು ಆಡಿದ ಮಾತು ತಪ್ಪು. ಮನಸ್ಸಿನಲ್ಲಿ ಇಟ್ಕೋಬೇಡಿ.”

ಆತ ಮುದ್ದೆ ಮುರಿದ.

“ನಿಮ್ಮನೇಲಿ ಎತ್ತು ಐತಾ?”

“ಒಂದ್ ಜೊತೆ ಐತೆ.”

“ಸೋಮವಾರ ಕಟ್ತೀರಾ?”

ಸಿದ್ದಯ್ಯನ ಕೈ ಬಾಯಿಯ ಹತ್ತಿರವೇ ನಿಂತಿತು. “ಉಂಟಾ ಮೇಡಮ್ಮೋರೆ! ಸೋಮವಾರ ಬಸವಣ್ಣನ ಹೆಗಲ ಮ್ಯಾಲೆ ನೊಗ ಮಡಗಾರಾ? ನಮ್ಮಪ್ಪನ ಕಾಲದಿಂದ್ಲೂ ಇಲ್ಲ.”

“ನಮ್ಮನೇಲೂ ಇಲ್ಲ. ಅವತ್ತು ನಮ್ಮ ತಾತ ಎತ್ತಿನ ಮೈ ತೊಳೆದು, ಗೊರಸು ನೋಡಿ, ಹೆಗಲಿಗೆ ಎಣ್ಣೆ ಸವರೋರು. ನೊಗ ಉಜ್ಜಿ ಹುಣ್ಣಾಗೋಕೆ ಮೊದಲೇ ಕೈಗೆ ಸಿಕ್ತದೆ ಅನ್ನೋರು.” ಅವಳು ಕೇಂದ್ರದ ಕಡೆ ಕೈ ತೋರಿಸಿದಳು. ಕುಯ್ಯ್ ಎಂಬ ಸದ್ದು ಅಲ್ಲಿವರೆಗೂ ಕೇಳಿಸುತ್ತಿತ್ತು. “ಎತ್ತಿಗೆ ಸೋಮವಾರ ಐತೆ. ಇದಕ್ಕೆ ಮಾತ್ರ ವರ್ಷಕ್ಕೊಂದೇ ಹಬ್ಬ.”

ಆತ ಕೈಯ ತುತ್ತನ್ನು ಬುತ್ತಿಗೇ ಇಳಿಸಿದ. ಕೊನೆಗೆ ಬಂದದ್ದು ಯಂತ್ರದ ಮಾತಲ್ಲ.

“ನೀವು ಹೇಳೋದು ದಿಟವೇ. ಆದ್ರೆ ಬೆಲ್ಟ್ ಒರೆಸ್ದೆ ಅಂತ ಯಾರ್ ಹಾರ ಹಾಕಾರು? ಯಂತ್ರ ಕೆಡ್ದಿದ್ರೆ ಸಿದ್ದಯ್ಯ ಅನ್ನೋನು ಒಬ್ಬ ಅವ್ನೆ ಅಂತ ಯಾರ್ಗೆ ಗೊತ್ತಾಯ್ತದೆ?”

“ಗೊತ್ತಾಗೋ ಹಂಗೆ ಮಾಡೋದು ನನ್ನ ಕೆಲಸ” ಎಂದಳು. ಹೇಗೆಂದು ಅವಳಿಗೂ ತಿಳಿದಿರಲಿಲ್ಲ.

ಪ್ರತಿ ಸೋಮವಾರ ಮಧ್ಯಾಹ್ನ ಯಂತ್ರ ನಿಲ್ಲಿಸಿ ತೊಳೆಯಬೇಕೆಂದರೆ ಅಷ್ಟರೊಳಗೆ ಬೆಳಗಿನ ಹಾಲು ಟ್ಯಾಂಕರ್ ಏರಿ ಹೊರಟಿರಬೇಕು. ಅಂದರೆ ಸಾಬೀರ್ ಬೇಗ ಬರಬೇಕು, ಹೆಂಗಸರೂ ಬೇಗ ಹಾಲು ಕರೆದು ತರಬೇಕು. ಇದಕ್ಕೆ ನಿರ್ದೇಶಕರ ಒಪ್ಪಿಗೆ ಬೇಕಿತ್ತು. ಸಭೆಯಲ್ಲಿ ಮನೋಹರ್ ಕುರ್ಚಿಗೆ ಒರಗಿ ನಕ್ಕರು. ಕೆಟ್ಟ ಮನುಷ್ಯರಲ್ಲ. ಅಪಾಯದ ಹೊತ್ತಿನಲ್ಲಿ ಮೊದಲು ಓಡಿಬರುವವರು. ಮಿಕ್ಕ ಹೊತ್ತಿನಲ್ಲಿ ಕೇಂದ್ರದ ಕಡೆ ತಲೆ ಹಾಕದವರು.

“ಚೆನ್ನಾಗಿ ಓಡ್ತಿರೋ ಮಿಷಿನ್ ನಿಲ್ಲಿಸೋದಾ ಮೇಡಂ? ಕೆಟ್ರೆ ಹೆಂಗಿದ್ರೂ ನಮ್ಮ ಸಿದ್ದಯ್ಯ ಅವ್ನಲ್ಲ.”

ಮೂಲೆಯಲ್ಲಿ ಕೂತಿದ್ದ ದೊಡ್ಡಲಕ್ಷ್ಮಮ್ಮ ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದಳು. ಎರಡು ಸೀಮೆಹಸು ಸಾಕಿ ಹಾಲು ಹಾಕುವ ಈ ಮುದುಕಿ, ಉತ್ಪಾದಕರ ಪರವಾಗಿ ಆರಿಸಿ ಬಂದ ನಿರ್ದೇಶಕಿ.

“ಹಸ ನೆಲ ಹಿಡುದ್ರೆ ಎತ್ತಾಕೆ ಹತ್ತು ಜನ ಗಂಡಸ್ರು ಬತ್ತರೆ ಕಣಪ್ಪ ಮನೋರ. ಎತ್ತಿ ನಿಲ್ಸಿ ಮೀಸೆ ತಿರುವ್ಕೊಂಡು ಓಯ್ತರೆ. ನೆಲ ಹಿಡೀದಂಗೆ ದಿನಾ ಹುಲ್ಲಾಕೋಳ್ನ ಯಾರೂ ಕೇಳಾಕಿಲ್ಲ. ಈ ಹೆಣ್ಮಗ ಕೇಳ್ತಿರೋದು ಹುಲ್ಲಾಕೋ ಕ್ಯಾಮೆ. ಅದು ನಮ್ಗೆ ಗೊತ್ತು. ಸೋಮವಾರ ನಾವು ಬಿರ್ನೆ ಹಾಲು ತತ್ತೀವಿ.”

ಮನೋಹರ್ ಸೋತರೂ ಒಂದು ಗೂಟ ನೆಟ್ಟೇ ಎದ್ದರು: “ಆಯ್ತು, ಬೇಸಿಗೆ ಕಳೆಯೋವರೆಗೆ ನೋಡಾಣ. ಅಷ್ಟರೊಳಗೆ ಒಂದೇ ಒಂದು ಸಲ ಐಸಿಗೆ ಓಡೋ ಹಂಗಾದ್ರೆ, ನಿಮ್ಮ ಸೋಮವಾರ ಅವತ್ತಿಗೇ ಬಂದ್.”

ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ಶುರುವಾಯಿತು. ಮೊದಮೊದಲು ಸಾಬೀರ್, “ಇವತ್ತು ಬಸವಣ್ಣಂಗೆ ಎಣ್ಣೆ ಸ್ನಾನ, ನನಗೆ ನಿದ್ದೆ ಇಲ್ಲ” ಎಂದು ಗೊಣಗುತ್ತಲೇ ಟ್ಯಾಂಕರ್ ತರುತ್ತಿದ್ದ. ಆದರೆ ಸೋಮವಾರದ ಕೆಲಸ ಮುಗಿದ ಮೇಲೆ ಬೋಂಡ ಇರುತ್ತಿತ್ತು. ಆ ಬೋಂಡ ಇನ್ನು ಮೇಲೆ ಯಂತ್ರ ಕೆಟ್ಟ ದಿನ ಸಿಗುವುದಿಲ್ಲ ಎಂದು ರಾಧಾಮಣಿ ಮೊದಲೇ ಹೇಳಿದ್ದಳು. ಬಿಚ್ಚಿದ ಬೆಲ್ಟನ್ನು ಸಿದ್ದಯ್ಯ ಹಾಲು ತಂದ ಹೆಂಗಸರ ಕೈಗೆ ಕೊಟ್ಟು, “ನೋಡ್ರವ್ವ, ಇಲ್ಲಿ ಸೀಳು ಬಿಡ್ತಾ ಐತೆ, ಇನ್ನು ಒಸಿ ದಿನಕ್ಕೆ ಕೂಗ್ತಿತ್ತು” ಎಂದು ತೋರಿಸಬೇಕು ಎಂದೂ ಅವಳೇ ಹೇಳಿದಳು. ಹೆಂಗಸರು ಸವರಿ ನೋಡಿ ಲೊಚಗುಟ್ಟಿದರು. ಆಮೇಲೆ ಸಿದ್ದಯ್ಯ ಹೇಳಿಸಿಕೊಳ್ಳದೆ ತೋರಿಸತೊಡಗಿದ. ಅವರು ಒಂದು ಸೋಮವಾರ ನೋಡದೆ ಹೊರಟಾಗ, “ಯಾಕ್ರವ್ವ, ಇವತ್ತು ನನ್ ಬೆಲ್ಟ್ ನೋಡಾಕಿಲ್ವಾ?” ಎಂದು ಕೂಗಿ ಕರೆದ.

ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಗೋಡೆಗೆ ಹೊಸ ಪಟ ಏರಲಿಲ್ಲ. ಸಿದ್ದಯ್ಯ ಆಗಾಗ ಆ ಗೋಡೆಯ ಮುಂದೆ ನಿಲ್ಲುವುದನ್ನು ರಾಧಾಮಣಿ ನೋಡುತ್ತಿದ್ದಳು. ಆಗೆಲ್ಲ ಹುಣಸೆಮರದ ಕೆಳಗೆ ತಾನು ಕೊಟ್ಟ ಮಾತು ಅವಳನ್ನು ಚುಚ್ಚುತ್ತಿತ್ತು.

ಭರಣಿ ಮಳೆ ಬಂದದ್ದು ಒಂದು ಸಂಜೆ, ಹಾಲು ಅಳೆದು ಮುಗಿಯುವ ಹೊತ್ತಿಗೆ. ಮೊದಲು ಗಾಳಿ, ಕೆಂಧೂಳಿ, ಆಮೇಲೆ ಆಲಿಕಲ್ಲು. ಎಲ್ಲೋ ಮರ ಮುರಿದ ಸದ್ದು, ಅದರ ಹಿಂದೆಯೇ ಕರೆಂಟು ಹೋಯಿತು. ಫೋನುಗಳೂ ಸತ್ತವು. ಬೇಸಿಗೆ ಮುಗಿಯುವ ಹೊಸಿಲಲ್ಲಿ ತೊಟ್ಟಿ ತುಂಬ ಬೆಚ್ಚನೆಯ ಹಾಲು. ಕಂಪ್ರೆಸರ್ ನಿಂತಿತು. ರಾಧಾಮಣಿ ಜನರೇಟರಿನ ಕಡೆ ತಿರುಗಿದಳು.

ಹಳೆಯ ರೂಢಿಯಂತೆ ಸಾಬೀರ್ ತನ್ನ ಟ್ಯಾಂಕರಿನ ಬ್ಯಾಟರಿಯಿಂದ ಜನರೇಟರಿಗೆ ಜೀವ ಕೊಡುವ ವೈರು ಹಿಡಿದು ಮಳೆಯಲ್ಲೇ ಓಡಿಬಂದ. “ಸರಿ, ಸರಿ, ದಾರಿ ಬುಡ್ರಿ!”

ಸಿದ್ದಯ್ಯ ಅವನ ಕಡೆ ತಿರುಗಲೂ ಇಲ್ಲ. ನಿಧಾನವಾಗಿ ಕೈ ಒರೆಸಿಕೊಂಡು ಕೀಲಿ ತಿರುಗಿಸಿದ.

ಮೊದಲ ತಿರುವಿಗೇ ಜನರೇಟರ್ ಎದ್ದಿತು. ದೀಪ ಹತ್ತಿತು, ಕಂಪ್ರೆಸರ್ ಗುಂಯ್ ಎಂದಿತು. ವೈರು ಹಿಡಿದು ತೊಟ್ಟಿಕ್ಕುತ್ತ ನಿಂತ ಸಾಬೀರನನ್ನು ನೋಡಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

“ಅದನ್ನ ಬಟ್ಟೆ ಒಣಗಾಕಕ್ಕೆ ಕಟ್ಲಾ” ಎಂದ ಸಿದ್ದಯ್ಯ.

ಮಳೆ ಸ್ವಲ್ಪ ತಗ್ಗಿದಾಗ ಅಂಗಳಕ್ಕೆ ಒಂದು ಗೂಡ್ಸ್ ಆಟೋ ನುಗ್ಗಿತು. ಒಳಗೆ ಐಸಿನ ದಿಮ್ಮಿಗಳು, ಅವುಗಳ ನಡುವೆ ನೆಂದು ತೊಪ್ಪೆಯಾದ ಮನೋಹರ್, ಪಕ್ಕದಲ್ಲಿ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡ ಲೋಕೇಶ್. “ಎಷ್ಟು ಹಾಲು ಹೋಯ್ತು? ಇಳಿಸ್ರೋ, ಬೇಗ ಇಳಿಸ್ರೋ!” ಎನ್ನುತ್ತ ಧುಮುಕಿದ ಅಧ್ಯಕ್ಷರಿಗೆ ಕಂಡದ್ದು, ಮಳೆ ನಿಲ್ಲಲೆಂದು ಜಗಲಿಯ ಮೇಲೆ ಕಾಲು ಚಾಚಿ ಹರಟುತ್ತಿದ್ದ ಹೆಂಗಸರು.

“ಮಳೇಲಿ ಐಸು ತಂದೋನ ಇವತ್ತೇ ನೋಡಿದ್ದು ಕಣಪ್ಪ” ಎಂದಳು ದೊಡ್ಡಲಕ್ಷ್ಮಮ್ಮ.

ಮನೋಹರ್ ಒಳಗೆ ಹೋದರು. ತೊಟ್ಟಿಗೆ ಅಂಗೈ ಒತ್ತಿ ನೋಡಿದರು. ತಣ್ಣಗಾಗುತ್ತಿತ್ತು. ಅವರ ಮುಖದಲ್ಲಿ ನೆಮ್ಮದಿ ಮೂಡಿತು, ಅದರ ಪಕ್ಕದಲ್ಲೇ ಒಂದಿಷ್ಟು ನಿರಾಸೆಯೂ.

“ಹಂಗಾದ್ರೆ ಏನೂ ಆಗ್ಲಿಲ್ವಾ ಸಿದ್ದಯ್ಯ?”

ಸಿದ್ದಯ್ಯ ನೆಟ್ಟಗೆ ನಿಂತ. “ಆಗಾಕೆ ನಾವು ಬುಡ್ನಿಲ್ಲ ಸ್ವಾಮಿ.”

ನಾವು, ಎಂದ. ರಾಧಾಮಣಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹೊರಗೆ ಐಸು ಮಳೆನೀರಿನೊಡನೆ ಕರಗಿ ಹರಿಯುತ್ತಿತ್ತು.

ಮನೋಹರ್ ಒದ್ದೆ ಚೀಲದಿಂದ ಶಾಲು ತೆಗೆದರು. ತಂದದ್ದಂತೂ ತಂದಾಗಿತ್ತು. ಯಾರಿಗೆ ಹೊದಿಸುವುದೆಂದು ಅವರಿಗೇ ತಿಳಿಯಲಿಲ್ಲ. “ಮೇಡಂ, ನಿಮಗೇ…” ಎಂದರು.

“ನನಗೆ ಬೇಡ ಸರ್. ಫೋಟೋ ಒಂದು ತೆಗೆಸಿ. ಎಲ್ಲರದೂ. ಆ ಗೋಡೆಗೆ.”

ಸಾಬೀರ್, ಹಾಲಿನ ಹೆಂಗಸರು, ದೊಡ್ಡಲಕ್ಷ್ಮಮ್ಮ, ಅಧ್ಯಕ್ಷರು ಎಲ್ಲರೂ ಕಂಪ್ರೆಸರಿನ ಸುತ್ತ ಸೇರಿದರು. ಸಿದ್ದಯ್ಯ ಅಂಗಿಯ ಗುಂಡಿ ಹಾಕಿಕೊಂಡ, ತಲೆಗೂದಲಿಗೆ ನೀರು ಸವರಿಕೊಂಡ. ಕ್ಯಾಮೆರಾದಲ್ಲಿ ಕಣ್ಣಿಟ್ಟ ಲೋಕೇಶನಿಗೆ ಸಮಾಧಾನವಾಗಲಿಲ್ಲ.

“ಸಿದ್ದಣ್ಣ, ಹಿಂಗೆ ನಿಂತ್ರೆ ಸಪ್ಪೆ ಆಯ್ತದೆ. ಯಾರಾನ ಓಡ್ರಿ. ಐಸಾದ್ರೂ ಹೊತ್ಕೊ. ಏನಾರ ಒಂದು ನಡೀತಾ ಇರ್ಬೇಕು.”

“ಲೇ, ಇಲ್ಲಿ ಓಡೋರು ಯಾರೂ ಇಲ್ಲ. ಇದ್ದಂಗೆ ತೆಗೀಲಾ.”

ಆ ಪಟ ಈಗ ಗೋಡೆಯ ನಡುವೆ ಇದೆ. ಅದರ ಕೆಳಗೆ ಏನು ಬರೆಸಬೇಕೆಂದು ಯಾರಿಗೂ ತೋಚಲಿಲ್ಲ, ಹಾಗೇ ಬಿಟ್ಟಿದ್ದಾರೆ. ಹೊಸದಾಗಿ ಬಂದವರು ಉಳಿದ ಪಟಗಳನ್ನೆಲ್ಲ ನೋಡಿ, ಅದರ ಮುಂದೆ ಬಂದು ನಿಂತು, ಅವತ್ತು ಏನಾಗಿತ್ತು ಎಂದು ಕೇಳುತ್ತಾರೆ. ಸಿದ್ದಯ್ಯ ಆ ಪ್ರಶ್ನೆಗಾಗಿಯೇ ಅಲ್ಲೆಲ್ಲೋ ಸುಳಿದಾಡುತ್ತಿರುತ್ತಾನೆ. ಒಳಕೋಣೆಯಲ್ಲಿ ಹಾಲಿನ ಮಾದರಿ ಪರೀಕ್ಷಿಸುತ್ತಿರುವ ರಾಧಾಮಣಿ, ಎಷ್ಟು ಸಲ ಕೇಳಿದ್ದರೂ, ಆತನ ಉತ್ತರ ಮುಗಿಯುವವರೆಗೆ ಕೈಯ ಕೆಲಸ ನಿಲ್ಲಿಸುತ್ತಾಳೆ.

“ಅವತ್ತಾ? ಅಷ್ಟು ದೊಡ್ಡ ಮಳೆ ಬಂತು ಕಣ್ರಿ, ಊರೆಲ್ಲ ಕರೆಂಟ್ ಇಲ್ಲ, ತೊಟ್ಟಿ ತುಂಬ ಹಾಲು…” ಎಂದು ಆತ ಉಸಿರು ಹಿಡಿದು, ಕೇಳುವವರನ್ನು ಸಾಕಷ್ಟು ಕಾಯಿಸಿ, ಎದೆ ಸೆಟೆಸಿ ಹೇಳುತ್ತಾನೆ: “ಏನೂ ಆಗ್ನಿಲ್ಲ.”