ಮಾಗಿದ ಹುಲ್ಲಿಗೆ ಹಗ್ಗ

"ಉಚ್ಚೆ ಹೊಯ್ಯೋಕೆ ನನ್ನ ಹೊಲಾನೇ ಬೇಕಿತ್ತೇನೇ, ಮುಂಡೆ?"

ಧಣಿ ನನ್ನ ತಂಗಿಯ ರಟ್ಟೆ ಹಿಡಿದು ಎಬ್ಬಿಸಿದ. ಅವಳು ಏಳು ತಿಂಗಳ ಬಸುರಿ. ಬಟ್ಟೆ ನೆಟ್ಟಗೆ ಮಾಡಿಕೊಳ್ಳುವಷ್ಟೂ ಪುರುಸೊತ್ತು ಕೊಡಲಿಲ್ಲ. ಅವಳು ಕೂತಿದ್ದ ಕಡೆ ಮೊರದಗಲ ಹುಲ್ಲು ಮಲಗಿತ್ತು.

ಅದು ದೊಡ್ಡವರ ಮನೆ ಮುಂದೆ, ಆಟದ ಮೈದಾನಗಳಲ್ಲಿ ಬೆಳೆಸುವ ಹುಲ್ಲು. ಧಣಿ ಅದನ್ನು ಬೀಜಕ್ಕಾಗಿ ಹಾಕಿದ್ದ. ನಡುವೆ ಕಳೆಯ ತೆನೆಯೊಂದು ಬಲಿತರೂ ಬೀಜ ಕೆಟ್ಟಿತೆಂದು ಅವ್ವ, ತಂಗಿ, ನಾನು, ಓಣಿಯ ಹೆಂಗಸರು ಸಾಲು ಹಿಡಿದು ಕಳೆ ಕೀಳುತ್ತಿದ್ದೆವು. ಮಾಗುತ್ತ ಬಂದ ತೆನೆ ತೋಳು ತಾಗಿದರೂ ಉದುರುತ್ತದೆ. ಅದಕ್ಕೇ ಹೊಲದೊಳಗೆ ಕೂರುವ ಹಾಗಿಲ್ಲ. ಎಷ್ಟೇ ಅವಸರವಾದರೂ ಹೊಲ ದಾಟಿ ಹಳ್ಳದ ಕಡೆಗೆ ಹೋಗಬೇಕು. ತಂಗಿಗೆ ಅಷ್ಟು ದೂರ ತಡೆಯಲಾಗಲಿಲ್ಲ.

"ಉದುರಿಸಿದ್ದೀಯಲ್ಲ, ಆರಿಸು. ಒಂದೂ ಬಿಡಬಾರದು," ಎಂದ ಧಣಿ.

ಆ ಬೀಜ ಸಾಸಿವೆಗಿಂತ ಸಣ್ಣದು, ಮಣ್ಣಿನದೇ ಬಣ್ಣ. ತಂಗಿ ತನ್ನ ಉಚ್ಚೆಯಲ್ಲಿ ನೆನೆದ ಮಣ್ಣಿನ ಮುಂದೆ ಮಂಡಿಯೂರಿದಳು. ಬಿಸಿಲು ನೆತ್ತಿಗೇರಿತ್ತು. ನಾನು ಜೊತೆಗೆ ಕೂರಲು ಹೋದೆ. ಯಾರಾದರೂ ಕೈ ಹಚ್ಚಿದರೆ ಇಡೀ ಗುಂಪಿಗೆ ನಾಳೆಯಿಂದ ಕೆಲಸವಿಲ್ಲ ಎಂದ. ನಾನು ಸಾಲಿಗೆ ಮರಳಿದೆ. ಅವಳು ನೀರು ಕೇಳಿದಾಗ, ಮೊದಲು ಮುಗಿಸು ಎಂದ.

ಹೊತ್ತು ಇಳಿಯುವಾಗ ಅವಳಿಗೆ ನೋವು ಶುರುವಾಯಿತು. ಬೀಜ ಹಸನು ಮಾಡುವ ಶೆಡ್ಡಿಗೆ ಹೊತ್ತೊಯ್ದು ಖಾಲಿ ಚೀಲಗಳ ಮೇಲೆ ಮಲಗಿಸಿದೆವು. ಜರಡಿ ಯಂತ್ರದ ದೂಳು ಗಾಳಿಯಲ್ಲಿ ಕಟ್ಟಿ ನಿಂತಿತ್ತು. ಅವಳು ಕೆಮ್ಮುತ್ತಲೇ ಹೆತ್ತಳು. ಗಂಡುಮಗು. ಅಳಲಿಲ್ಲ. ಅವ್ವ ಅದನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡು ಮುಖಕ್ಕೆ ಸೆರಗು ಮುಚ್ಚಿದಳು.

ಧಣಿ ಬಾಗಿಲಿಗೆ ಬಂದ. ಮಗುವಿನ ಮೇಲೆ ಕಣ್ಣು ಹಾಯಿಸಿ ಚೀಲಗಳ ಕಡೆ ನೋಡಿದ.

"ಹೊಸ ಚೀಲ ಕಣ್ರೇ ಅವು. ಹಾಸೋಕೆ ಬೇರೇನೂ ಸಿಗಲಿಲ್ವಾ?"

ಅವ್ವ ಬೈಯಲು ನಿಂತರೆ ನಾಯಿಯೂ ಬಾಲ ಮುದುರಿ ದಾರಿ ಬಿಡುತ್ತದೆಂದು ನಮ್ಮ ಓಣಿಯವರು ನಗುತ್ತಿದ್ದರು. ಅವತ್ತು ಒಂದು ಮಾತೂ ಆಡಲಿಲ್ಲ. ಮಗುವನ್ನು ಆ ಚೀಲದಲ್ಲೇ ಸುತ್ತಿ ಎತ್ತಿಕೊಂಡಳು. ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದೆವು.

ತಂಗಿಯ ಗಂಡ ಧಣಿಯ ಕೊಯ್ಲು ಯಂತ್ರ ಓಡಿಸುವವನು. ಅವನು ಮಚ್ಚು ಹಿಡಿದು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. ಕಡಿದರೆ ಒಂದೇ ಏಟಿಗೆ ಸತ್ತುಹೋಗುತ್ತಾನೆ ಎಂದಳು. ಅವಳಿಗೆ ಅಷ್ಟು ಸಾಲದಾಗಿತ್ತು.

ಕೊಯ್ಲಿನ ಬೆಳಗು ಬಂತು. ಇಬ್ಬನಿ ಆರಿದ ಮೇಲೆ ಯಂತ್ರ ಹೊಲಕ್ಕಿಳಿಯಬೇಕು. ಅದಕ್ಕೂ ಮೊದಲೇ ಅವ್ವ ಬಾವಿಯ ಉದ್ದನೆ ಹಗ್ಗ ಬಿಚ್ಚಿಸಿ ತಂದಿದ್ದಳು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತಂಗಿಯ ಕೈಯಲ್ಲಿ, ನಡುವೆ ಅವ್ವ ಮತ್ತು ಓಣಿಯ ಹೆಂಗಸರು. ತೆನೆಯ ಎತ್ತರಕ್ಕೆ ಹಗ್ಗ ಬಿಗಿ ಹಿಡಿದು ನಡೆದೆವು. ಹುಲ್ಲು ಬಾಗಿ ಬಾಗಿ ಎದ್ದಿತು, ಬೀಜ ಸರಸರನೆ ನೆಲಕ್ಕೆ ಸುರಿಯಿತು. ಆ ಸದ್ದು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಧಣಿ ಬರಿಗಾಲಲ್ಲಿ ಓಡಿಬಂದ. ಅಮ್ಮ ಅಕ್ಕ ಎಂದು ಎಲ್ಲರನ್ನೂ ಸೇರಿಸಿ ಬೈದ. ನಾವು ನಿಲ್ಲಲಿಲ್ಲ. ಯಂತ್ರವನ್ನು ಈ ಹೆಂಗಸರ ಮೇಲೇ ಹತ್ತಿಸು ಎಂದು, ಹೊಲದಂಚಿನಲ್ಲಿ ಎಂಜಿನ್ ಹಚ್ಚಿ ಕೂತಿದ್ದ ತಂಗಿಯ ಗಂಡನಿಗೆ ಅರಚಿದ. ಅವನು ಎಂಜಿನ್ ಆರಿಸಿದ, ಬೀಗದ ಕೈ ಜೇಬಿಗೆ ಹಾಕಿಕೊಂಡು ಇಳಿದು ಬಂದ, ಹೆಂಡತಿಯ ಪಕ್ಕದಲ್ಲಿ ಹಗ್ಗಕ್ಕೆ ಕೈ ಹಾಕಿದ.

ಆಗ ಧಣಿಯ ದನಿ ಇಳಿಯಿತು. "ತಾಯೀ, ಕಾಲಿಗೆ ಬೀಳ್ತೀನಿ. ವರ್ಷದ ಬೆಳೆ ಕಣಮ್ಮ. ನಿಲ್ಸಿ."

ಅವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೀಳು," ಎಂದಳು.

ಬಿದ್ದ. ಉದ್ದಕ್ಕೆ ಬಿದ್ದ. ಹಗ್ಗ ಅವನ ಬೆನ್ನ ಮೇಲೆ ಹಾಯ್ದು ಮುಂದೆ ಹೋಯಿತು. ನಾವೂ ಹೋದೆವು.

ಪೊಲೀಸರನ್ನು ಕರೆಸುತ್ತೇನೆ ಎಂದು ಅವನು ಹಿಂದಿನಿಂದ ಕೂಗಿದ.

"ಕರಿಯೋ ಸೂಳೆಮಗನೆ," ಎಂದಳು ಅವ್ವ, ತಿರುಗಿ ನೋಡದೆ. "ಅವರು ಬರೋ ಹೊತ್ತಿಗೆ ಕೆಳಗಿನ ಹೊಲಾನೂ ಮುಗಿಸಿರ್ತೀವಿ."

ತಂಗಿಯ ಎದೆಯ ಬಟ್ಟೆ ಹಾಲಿನಿಂದ ತೊಯ್ದು ಮೈಗಂಟಿತ್ತು. ಅವಳು ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಎಲ್ಲರಿಗಿಂತ ಮೊದಲು ಬದು ಇಳಿದಳು.