ಮರಾಠಿ ದನಿ ತೆಗೆದ ಮೇಲೆ

ಕಾಂತಕ್ಕನ ಕಂಪ್ಯೂಟರ್ ಮಾತು ನಿಲ್ಲಿಸಿದೆ ಎಂದು ಆಕೆಯ ಅವ್ವ ಚಂದ್ರವ್ವ ಫೋನ್ ಮಾಡಿದಾಗ ನಾನು ಟಿಳಕವಾಡಿಯ ನನ್ನ ರಿಪೇರಿ ಅಂಗಡಿಯಲ್ಲಿ ಯಾರದೋ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಫೋನಿನಲ್ಲಿ ಮುಗಿಯುವ ಕೆಲಸವಲ್ಲ. ಪರದೆಯ ಮೇಲೆ ಏನಿದೆ ಎಂದು ಹೇಳುವವರು ಆ ಮನೆಯಲ್ಲಿಲ್ಲ. ಚಂದ್ರವ್ವನಿಗೆ ಓದು ಬಾರದು, ಕಾಂತಕ್ಕನಿಗೆ ಕಣ್ಣು ಕಾಣದು. ಪರದೆಯನ್ನು ಓದಿ ಹೇಳುವ ದನಿಯೇ ಆಕೆಗೆ ಕಂಪ್ಯೂಟರ್. ಸೋಮವಾರ ನೆಹರು ನಗರದ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಪರೀಕ್ಷೆ. ಕಂಪ್ಯೂಟರ್ ಹೇಳಿದ್ದನ್ನು ಕೇಳಿ ಟೈಪ್ ಮಾಡಬೇಕು. ಅಂದು ಶುಕ್ರವಾರ.

ಖಾನಾಪುರದಲ್ಲಿ ಬಸ್ಸು ಬದಲಿಸಿ ಅವರ ಊರು ಬೀಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ದಾರಿಯುದ್ದಕ್ಕೂ ಕಿಟಕಿಗೆ ತಲೆಯಾನಿಸಿದ್ದೆ. ಇಂಥ ಕರೆಗಳಿಗೆ ಹೋಗಿ ಹೋಗಿ, ಯಾರು ಏನು ಒತ್ತಿದರು ಎಂದು ಕೇಳುವುದೇ ಬೇಸರವಾಗಿತ್ತು.

“ಬಾ ತಮ್ಮಾ ಸುಯಶ, ಕುಂದರು,” ಎಂದಳು ಚಂದ್ರವ್ವ. “ಅದು ಒದರೂದು ನಿಂತ ಮ್ಯಾಲ ಈಕಿ ಒದರಾಕ ಹತ್ಯಾಳ.”

“ಸುಮ್ನಿರ ಯವ್ವಾ,” ಎಂದಳು ಕಾಂತಕ್ಕ.

“ಏನ್ ಮಾಡಿದ್ರಿ ಅಕ್ಕಾರ?”

“ಮರಾಠಿ ದನಿ ತಗದ್ನಿ ಸರ. ಕನ್ನಡ ಓದಾಕ ಹಚ್ಚಿದ್ರ ನಡುವ ಅದೂ ಬಾಯಿ ಹಾಕ್ತಿತ್ತು. ಖಾನಾಪುರ ಬಸ್ ಸ್ಟ್ಯಾಂಡಿನ್ಯಾಗ ನಿಂತಂಗ ಆಗ್ತಿತ್ತು. ಮರಾಠಿ ದನಿ ತಗೀಲೇನು ಅಂತ ಕೇಳ್ತು, ಹೂಂ ಒತ್ತಿದೆ. ಒಮ್ಮೆಲೇ ಎಲ್ಲಾ ಬಂದ್.”

ಸಾಫ್ಟ್‌ವೇರ್ ಹಾಕುವ, ತೆಗೆಯುವ ಕಿಟಕಿಯನ್ನು ತೆರೆದು ನೋಡಿದೆ. ಮಾತಾಡಿಸುವ ಮೂಲ ಯಂತ್ರ, ಅಂದರೆ ಎಲ್ಲ ದನಿಗಳ ಹಿಂದಿನ ಸಾಫ್ಟ್‌ವೇರ್, ಮರಾಠಿ ದನಿಯ ಜೊತೆಗೆ ಬಂದದ್ದು. ಕನ್ನಡವೂ ಅದನ್ನೇ ನೆಚ್ಚಿಕೊಂಡಿತ್ತು, ಆದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಅದು ದಾಖಲಾಗಿರಲಿಲ್ಲ. ಮರಾಠಿ ಹೋದ ಮೇಲೆ ಇನ್ನು ಇದು ಯಾರಿಗೂ ಬೇಡ ಎಂದು ಕಂಪ್ಯೂಟರ್ ತಾನೇ ತೀರ್ಮಾನಿಸಿತ್ತು. ಅದನ್ನೂ ತೆಗೆಯುತ್ತೇನೆ ಎಂದು ಹೇಳಿಯೇ ತೆಗೆದಿತ್ತು, ಆದರೆ ‘ವಿವರ’ ಎಂಬುದರ ಒಳಗೆ. ವಿವರ ಮುಚ್ಚಿಕೊಂಡೇ ಬರುತ್ತದೆ. ಮುಚ್ಚಿದ್ದನ್ನು ದನಿ ಓದುವುದಿಲ್ಲ. ‘ಬೇಡವಾದುದನ್ನು ತಾನಾಗಿ ತೆಗೆ’ ಎಂಬಲ್ಲಿ ಮೊದಲಿನಿಂದಲೇ ಗುರುತು ಬಿದ್ದಿತ್ತು. ಇದೆಲ್ಲವನ್ನೂ ಆಕೆಗೆ ಹೇಳಿದೆ.

“ಗುರುತು ಯಾರು ಹಾಕಿದ್ರು?” ಎಂದಳು ಕಾಂತಕ್ಕ.

“ಯಾರೂ ಅಲ್ರಿ. ಅದು ಬರೂದ ಹಂಗ.”

“ಬ್ಯಾಡಂತ ಅದಕ್ಕ ಯಾರು ಹೇಳಿದ್ರು?”

ನಾನು ಮೊಬೈಲಿನ ನೆಟ್ ಜೋಡಿಸಿದೆ.

ಚಂದ್ರವ್ವ ಚುರಮುರಿಯ ತಾಟು ಮುಂದಿಟ್ಟಳು. “ಉಳ್ಳಾಗಡ್ಡಿ ಹಾಕಿಲ್ಲಪಾ, ತಿನ್ನು.” ನಾನು ಜೈನರವನೆಂದು ಮೊದಲ ದಿನದಿಂದಲೂ ಹೀಗೆಯೇ. ಮನೆಯಲ್ಲಿ ನಮ್ಮವ್ವ ಈರುಳ್ಳಿ ಮುಟ್ಟುವುದಿಲ್ಲ, ನಾನು ತಿನ್ನುತ್ತೇನೆ. ಈಕೆಗೆ ಎಂದೂ ಹೇಳಿಲ್ಲ. ಅಂದೂ ಹಾಗೆಯೇ ತಿಂದೆ.

ಮೊಬೈಲಿನ ನೆಟ್ಟಿನಲ್ಲಿ ಮೂಲ ಯಂತ್ರ ಮತ್ತೆ ಇಳಿಯಿತು. ಆ ಗುರುತು ತೆಗೆದೆ. ಯಂತ್ರವನ್ನು ತಾನಾಗಿ ತೆಗೆಯದಂತೆ ಕಟ್ಟಿಹಾಕಿದೆ. ಕೊನೆಗೆ ದನಿ ಬಂತು. ತೆಳ್ಳಗೆ, ಒಂದೊಂದೇ ಪದ ಎಳೆದು ಎಳೆದು. ಮೊದಲು ಆಕೆ ಅದನ್ನು ಎಷ್ಟು ಜೋರಾಗಿ ಓಡಿಸುತ್ತಿದ್ದಳೆಂದರೆ ನನ್ನ ಕಿವಿಗೆ ಬರೀ ಜೇನ್ನೊಣ. ಆ ವೇಗವೂ ಅಳಿಸಿಹೋಗಿತ್ತು.

“ನಿಮ್ಮ ವೇಗ ಹಾಕ್ಲೇನ್ರಿ?”

ಆಕೆ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. “ಆಸ್ಪತ್ರಿ ಕಂಪ್ಯೂಟರಿನ್ಯಾಗ ಯಾವ ವೇಗ ಇರತೈತಿ ಸರ?”

“ಹಿಂಗ ಇರಬೇಕ್ರಿ. ಬಂದಂಗ ಬಿಟ್ಟಿರ್ತಾರ.”

“ಅಲ್ಲಿ ಬದಲಿ ಮಾಡಾಕ ಬಿಡ್ತಾರನು?”

“ಗೊತ್ತಿಲ್ರಿ. ಕೇಳಿ ನೋಡ್ರಿ.”

“ಪರೀಕ್ಷಾಕ ಕುಂತು ಯಾರ್ನ ಕೇಳ್ಲಿ? ಕೇಳಿದ್ರ, ಈಕಿದು ಈಗ ಸುರು ಆತು ಅಂತಾರ.” ಆಕೆ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. “ಇರಲಿ. ಇದನ್ನ ರೂಢಿ ಮಾಡ್ಕೋತೀನಿ.”

“ಹಾಕಿ ಕೊಡ್ತೀನಲ್ರಿ, ಒಂದ ನಿಮಿಷದ ಕೆಲಸ.”

“ಬ್ಯಾಡ ಸರ.”

ದನಿ ಪಾಠ ಓದತೊಡಗಿತು. ಪದ ಮುಗಿಯುವ ಮೊದಲೇ ಆಕೆಯ ಬೆರಳು ಊಹಿಸಿ ಮುಂದೆ ಓಡಿ ತಪ್ಪುತ್ತಿದ್ದವು. ಅಳಿಸಿ, ಕಾಯುತ್ತಿದ್ದಳು.

“ಇದೇನ ಇದು, ಜಡ್ಡಾದವರಂಗ ಮಾತಾಡತೈತಿ,” ಎಂದಳು ಚಂದ್ರವ್ವ.

“ಯವ್ವಾ, ಕೇಳಸವಲ್ದು.”

ಬಸ್ಸಿನ ಹೊತ್ತಾಗಿತ್ತು. ನಾನು ಚಪ್ಪಲಿ ಮೆಟ್ಟುವಾಗ ಹಿಂದಿರುಗಿ ನೋಡಿದೆ. ಆಕೆಯ ಬೆರಳು ಮುಂದೆ ಓಡುವುದನ್ನು ಬಿಟ್ಟು, ಪದ ಮುಗಿಯುವುದನ್ನು ಕಾಯುತ್ತಿದ್ದವು.